ಹುಟ್ಟು

ನಮ್ಮ ಮನೆ ನೀರಿನ ಮೇಲೆ, ಕಂಬಗಳ ಮೇಲೆ ನಿಂತಿದೆ.
ಅದಕ್ಕೇ ಹನುವಾಬಾಡದಲ್ಲಿ ಚೆಂಡು ನೆಲಕ್ಕೆ ಬೀಳುವುದಿಲ್ಲ,
ಸಮುದ್ರಕ್ಕೆ ಬೀಳುತ್ತದೆ. ಬಿದ್ದರೆ ಔಟು.
ಹೊಡೆದವರು ಹಲಗೆಯ ಮೇಲೆ ಕೂತು ನಗುತ್ತಾರೆ,
ಧುಮುಕುವ ಕೆಲಸ ನನ್ನದು:
ಏಳು ವರ್ಷದವನು, ಯಾವ ತಂಡಕ್ಕೂ ಬೇಡದವನು,
ಈಜು ಮಾತ್ರ ಬಲ್ಲವನು.

ಅಕ್ಕ ಇದಾವು ಆಡಿದ್ದು ಹುಟ್ಟಿನಿಂದ.
ಹುಟ್ಟಿದಾಗಿನಿಂದ ಅಂತಲ್ಲ,
ತಾತನ ದೋಣಿಯ ಮುರಿದ ಹುಟ್ಟಿನಿಂದ.
ಅಗಲ ಅಲಗು, ಹಿಡಿಗೆ ಸೈಕಲ್ ಟ್ಯೂಬಿನ ಸುತ್ತು.
ಪಿಚ್ಚು ಎಂದರೆ ಮನೆಮನೆಯ ನಡುವಿನ ಹಲಗೆ ದಾರಿ,
ಎಡಕ್ಕೆ ಬೋಯಿಯೊ ಅತ್ತೆ ಹೊಗೆಗಿಟ್ಟ ಮೀನು,
ಬಲಕ್ಕೆ ಪಾದ್ರಿಯ ಬಿಳಿ ಅಂಗಿ ಒಣಗುವ ಹಗ್ಗ,
ಮಿಕ್ಕಿದ್ದೆಲ್ಲ ನೀರು.
ಹಾಗಾಗಿ ಅವಳು ಕಲಿತದ್ದು ಒಂದೇ ಹೊಡೆತ:
ನೇರ, ಹಲಗೆಗೆ ಅಂಟಿಕೊಂಡು,
ಬೌಲರನ ಕಾಲ ಪಕ್ಕದಲ್ಲೇ
ಇಲಿ ಓಡಿದ ಹಾಗೆ.

ಶಾಲೆಯ ತಂಡಕ್ಕೆ ಅವಳು ಸೇರಿದ್ದು ಮಲೇರಿಯಾದ ದಯೆ.
ಹನ್ನೊಂದನೆಯ ಹುಡುಗ ಜ್ವರದಲ್ಲಿ ಮಲಗಿದ್ದ,
ಹಿತೋಲೊ ಮೇಷ್ಟ್ರು ಸ್ಕೋರು ಬರೆಯುತ್ತಿದ್ದ ಅಕ್ಕನತ್ತ ತಿರುಗಿ
"ಸುಮ್ಮನೆ ನಿಂತಿರು ಸಾಕು, ಏನೂ ಮಾಡಬೇಡ" ಎಂದರು.
ನಿಂತಳು. ನಿಂತೇ ಇದ್ದಳು.
ಎದುರಾಳಿಗಳಿಗೆ ಬಾಯಾರಿತು, ಬೇಸರ ಬಂತು,
ಬಿಸಿಲಿಗೆ ಒಬ್ಬ ಅತ್ತೂ ಬಿಟ್ಟ.
ಆಟ ಮುಗಿದ ಮೇಲೆ ಪೆನ್ಸಿಲು ತೆಗೆದು
ತನ್ನ ಹೆಸರನ್ನು ತಾನೇ ಬರೆದುಕೊಂಡಳು,
ಮುಂದೆ: ಒಂಬತ್ತು, ಔಟಾಗದೆ.

ಅಮಿನಿ ಪಾರ್ಕಿನ ಹುಲ್ಲಿನ ಮೇಲೆ ಮೊದಲ ದಿನ
ಬೂಟು ಬಿಚ್ಚಿ ಕಾಲೂರಿ ನೋಡಿದಳಂತೆ,
ಇದು ಅಲುಗುವುದೇ ಇಲ್ಲವಲ್ಲ ಎಂದು.
ಕತ್ತಲಾದ ಮೇಲೆ ಹುಡುಗಿ ಒಬ್ಬಳೇ ಬಸ್ಸು ಹತ್ತುವ ಊರಲ್ಲ ನಮ್ಮದು.
ಬಂದರಿನಲ್ಲಿ ರಾತ್ರಿ ಪಾಳಿ ಮುಗಿಸಿದ ಅಪ್ಪ
ಬೇಲಿಯ ಪಕ್ಕ ಟೋಪಿ ಮುಖಕ್ಕೆಳೆದು ಮಲಗುತ್ತಿದ್ದ,
ಆರು ವರ್ಷ, ಅದೇ ಮರದಡಿ.
ಅವಳ ಒಂದು ಆಟವನ್ನೂ ಅವನು ಪೂರ್ತಿ ನೋಡಿಲ್ಲ.

"ಯಾಕೆ ಎತ್ತಿ ಹೊಡೆಯುವುದಿಲ್ಲ ನೀನು?"
ಕೇಳಿದ್ದು ಬ್ರಿಸ್ಬೇನಿನಿಂದ ಬಂದ ಕೋಚಮ್ಮ.
ಇದಾವು ತುಂಬ ಹೊತ್ತು ಗ್ಲೌಸಿನ ಪಟ್ಟಿ ಬಿಗಿದಳು.
"ಚೆಂಡು ನೀರಿಗೆ ಬೀಳುತ್ತೆ."
ಕೋಚಮ್ಮ ಸುತ್ತ ನೋಡಿದಳು:
ಒಣ ಹುಲ್ಲು, ತಂತಿ ಬೇಲಿ, ಒಂದು ಬಡಕಲು ನಾಯಿ.

ಹತ್ತೊಂಬತ್ತಕ್ಕೆ ದೇಶದ ಅಂಗಿ ಬಂತು, ಕಪ್ಪು ಕೆಂಪು,
ತೋಳು ಉದ್ದ, ಅವ್ವ ರಾತ್ರಿ ಕೂತು ಮಡಚಿ ಹೊಲಿದಳು.
ಪೋರ್ಟ್ ವಿಲಾದಲ್ಲಿ ಮೊದಲ ಪಂದ್ಯ, ಮೊದಲ ಚೆಂಡು, ಸೊನ್ನೆ.
ಫೋನಿನಲ್ಲಿ ಅವಳು ಕೇಳಿದ್ದು ಇಷ್ಟೇ:
"ಆ ಹುಟ್ಟು ಇದೆಯಾ ಇನ್ನೂ?"
ಇದೆ, ಅಡುಗೆಮನೆ ಬಾಗಿಲಿಗೆ ಅಗುಳಿಯಾಗಿ.

ಆಮೇಲೆ ಹರಾರೆ. ಅಲ್ಲಿ ಮಧ್ಯಾಹ್ನ,
ಇಲ್ಲಿ ರಾತ್ರಿ, ಉಬ್ಬರ ಏರುವ ಹೊತ್ತು.
ಒಂದು ಫೋನಿಗೆ ಇಪ್ಪತ್ತು ತಲೆ.
ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಂಕಿ;
ಚೆಂಡು ವ್ಯರ್ಥವಾದರೆ ಒಂದು ಚುಕ್ಕಿ.
ಚುಕ್ಕಿ. ಚುಕ್ಕಿ. ಒಂದು. ಚುಕ್ಕಿ.
ಬೋಯಿಯೊ ಅತ್ತೆ ಪ್ರಾರ್ಥನೆ ಶುರುಮಾಡಿ ಮರೆತಳು.
ಎರಡು. ಚುಕ್ಕಿ.
ನೆಟ್‌ವರ್ಕು ಹೋಯಿತು, ಬಂತು.

ಆರು.

ಯಾರೂ ಕೂಗಲಿಲ್ಲ ಮೊದಲು.
"ಆರು ಅಂದರೆ?" ಅವ್ವ ಕೇಳಿದಳು,
"ಚೆಂಡು ಎಲ್ಲಿಗೆ ಹೋಯಿತು?"
ಆಗ ಎಲ್ಲರೂ ನನ್ನತ್ತ ತಿರುಗಿದರು.
ಹದಿನೇಳರ ಗಂಡಸು, ಮೀಸೆ ಚಿಗುರಿದವನು,
ಯಾವಾಗಲೋ ಎದ್ದು ನಿಂತಿದ್ದೆ ಹಲಗೆಯ ತುದಿಯಲ್ಲಿ
ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದು.

ಹನ್ನೊಂದು ರನ್ನಿಗೆ ಸೋತರಂತೆ.
ನನಗೆ ಗೊತ್ತಾದದ್ದು ತಡವಾಗಿ.
ನಾನು ನೀರಿನಲ್ಲಿದ್ದೆ.